ಎಂಬತ್ತು ಕುರ್ಚಿ, ಎರಡು ಬ್ಯಾಂಡು, ಒಂದು ತಂಬೂರಿ: ಚಿಕ್ಕ ಜಾಗದಲ್ಲಿ ಹಾಡು ಕೇಳಿದವರು ಇದ್ದೀರಾ?

ಮೂರನೇ_ಸಾಲು

ನಿನ್ನೆ ಶನಿವಾರ ಅಕ್ಕನ ಮಗಳು ನನ್ನನ್ನು ಹೆಚ್ಚು ಕಡಿಮೆ ಎಳೆದುಕೊಂಡೇ ಹೋದಳು. "ಮಾಮ, ಎರಡು ಇಂಡಿ ಫೋಕ್ ಬ್ಯಾಂಡ್ ಬಂದಿವೆ, ಟಿಕೆಟ್ ತಗೊಂಡಾಗಿದೆ, ಬರಲ್ಲ ಅನ್ನಬೇಡ" ಅಂದಳು. ಜಾಗ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ, ಬಸವನಗುಡಿ ಕಡೆಯ ಒಂದು ಹಳೇ ಕಟ್ಟಡ. ಕೆಳಗೆ ಟೈಲರ್ ಅಂಗಡಿ, ನಡುವೆ ಒಂದು ಸಂಸಾರ, ಮೇಲಿನ ಮಹಡಿಯಲ್ಲಿ ಹಾಲ್. ಎಂಬತ್ತು ಕುರ್ಚಿ, ಮುಂದೆ ಎರಡು ಜಮಖಾನ. ವೇದಿಕೆ ಅಂತ ಏನೂ ಇಲ್ಲ. ಹಾಡುವವರ ಚಪ್ಪಲಿ, ನಮ್ಮ ಚಪ್ಪಲಿ ಎಲ್ಲ ಬಾಗಿಲಲ್ಲಿ ಒಂದೇ ರಾಶಿ.

ನಾನು ಇಷ್ಟು ವರ್ಷ ಕೇಳಿದ್ದು ರಾಮನವಮಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಿನಲ್ಲಿ. ಇಲ್ಲವೇ ಅರಮನೆ ಮೈದಾನದಲ್ಲಿ ಹಿಂದೆ ನಿಂತು, ಹಾಡುವವರನ್ನು ಬಿಟ್ಟು ದೊಡ್ಡ ಪರದೆ ನೋಡುತ್ತಾ. ಇಲ್ಲಿ ಮೂರನೇ ಸಾಲು ಸಿಕ್ಕಿತು. ಗಿಟಾರಿನ ಹುಡುಗನ ಬೆರಳು ತಂತಿಯ ಮೇಲೆ ಜಾರುವಾಗ ಬರುವ ಕಿರ್ ಶಬ್ದವೂ ಕೇಳುತ್ತಿತ್ತು. ಹಾಡುವ ಹುಡುಗಿ ಸಾಲು ಶುರು ಮಾಡುವ ಮುಂಚೆ ಉಸಿರು ಎಳೆದುಕೊಳ್ಳುವುದು ಕಾಣುತ್ತಿತ್ತು. ಅವಳು ಎಳೆದಾಗ ನಾವೂ ಎಳೆದುಕೊಳ್ಳುತ್ತಿದ್ದೆವು ಅಂತ ಆಮೇಲೆ ಗೊತ್ತಾಯಿತು.

ಎರಡನೇ ಬ್ಯಾಂಡಿನಲ್ಲಿ ತಮಟೆ ಇತ್ತು. ಸಾಯಂಕಾಲ ಮಳೆ ಬಂದು ಚರ್ಮ ಸಡಿಲವಾಗಿ ಡಬ್ ಡಬ್ ಅನ್ನುತ್ತಿತ್ತು. ನಾನು ಬ್ರೇಕಿನಲ್ಲಿ ಗಾಳಿಗೆ ಅಂತ ಕೆಳಗೆ ಹೋದರೆ, ಇಬ್ಬರು ಹುಡುಗರು ಸ್ಕೂಟರ್ ನಿಲ್ಲಿಸುವ ಕಡೆ ನ್ಯೂಸ್‌ಪೇಪರ್ ಉರಿಸಿ ತಮಟೆ ಕಾಯಿಸುತ್ತಿದ್ದರು. ವಾಚ್‌ಮನ್ ಓಡಿ ಬಂದ. ಬೈಯಲು ಬಂದ ಅಂದುಕೊಂಡೆ. "ಪೇಪರ್ ಭಗ್ ಅಂತ ಉರಿದು ಆರಿಹೋಗುತ್ತೆ ಸಾರ್, ಒಂದೇ ಕಡೆ ಕಾವು ತಗುಲಿ ಚರ್ಮ ಸುಟ್ಟುಕೊಳ್ತೀರ. ಕೊಡಿ ಇಲ್ಲಿ" ಅಂತ ಕಿತ್ತುಕೊಂಡ. ಮೆಟ್ಟಿಲ ಕೆಳಗೆ ಒಣಗಿ ಬಿದ್ದಿದ್ದ ತೆಂಗಿನ ಗರಿ ಮುರಿದು ಹಾಕಿದ. ಉರಿಯ ಮೇಲೆ ತಮಟೆಯನ್ನು ನಿಧಾನಕ್ಕೆ ತಿರುಗಿಸುತ್ತಾ, ನಡುನಡುವೆ ಬೆರಳಿನಿಂದ ತಟ್ಟಿ ಕಿವಿ ಕೊಟ್ಟು ಕೇಳುತ್ತಾ, ಐದು ನಿಮಿಷದಲ್ಲಿ ಅದನ್ನು ಠಣ್ ಅನ್ನಿಸಿದ. ಕೋಲಾರದ ಕಡೆಯವನಂತೆ.

ಆಮೇಲೆ ಆಗಿದ್ದೇ ಈ ಪೋಸ್ಟ್ ಹಾಕಲು ಕಾರಣ. ಆ ಬ್ಯಾಂಡು ಚಾಮರಾಜನಗರ ಕಡೆಯಿಂದ ಒಬ್ಬ ಹಿರಿಯರನ್ನು ಕರೆಸಿದ್ದರು. ಮಂಟೇಸ್ವಾಮಿ ಪದ, ಅಂದರೆ ಆ ದೈವದ ಕಥೆಯ ಹಾಡು, ಹಾಡುವ ನೀಲಗಾರರು. ತಂಬೂರಿ ಶ್ರುತಿ ಮಾಡಿಕೊಳ್ಳುತ್ತಾ, ಮೈಕ್ ಆನ್ ಇರುವುದು ಗೊತ್ತಿಲ್ಲದೆ, ಪಕ್ಕದ ಹುಡುಗನನ್ನು ಕೇಳಿದರು: "ಎಷ್ಟೊತ್ತು ಹಾಡಬೇಕಪ್ಪ?" "ಹದಿನೈದು ನಿಮಿಷ ಅಜ್ಜ." "ಹದಿನೈದು ನಿಮಿಷದಲ್ಲಿ ದೇವರನ್ನ ಕರೆಯೋದೇ ಮುಗಿಯಲ್ವಲ್ಲ." ಎಲ್ಲರೂ ನಕ್ಕರು. ಅಜ್ಜ ತಮಾಷೆ ಮಾಡಿರಲಿಲ್ಲ. ಹಾಡಿದ್ದು ಮೂವತ್ತೆಂಟು ನಿಮಿಷ. ಬ್ಯಾಂಡಿನವರು ಸುಮ್ನೆ ಪಕ್ಕದಲ್ಲಿ ಕೂತರು. ಅವರ ಸ್ವಂತ ಹಾಡು ಎರಡಕ್ಕೇ ಮುಗಿಯಿತು.

ನನಗೆ ರಾತ್ರಿ ನಿದ್ದೆ ಬರಲಿಲ್ಲ, ಒಳ್ಳೆ ಅರ್ಥದಲ್ಲೇ. ಆದರೆ ಹಿಂದಿನ ಸಾಲಿನಲ್ಲಿ ಒಬ್ಬರು "ನಾವು ದುಡ್ಡು ಕೊಟ್ಟಿದ್ದು ಬ್ಯಾಂಡಿಗೆ" ಅಂತ ಗೊಣಗುತ್ತಿದ್ದರು. ಅವರದ್ದೂ ತಪ್ಪಲ್ಲ, ಅಲ್ವಾ? ನೀವೇನಂತೀರಿ?

ನಿಂಬೆಹಣ್ಣು

ಮೊದಲು ನನ್ನ ಅನುಮಾನ ಬಗೆಹರಿಸಿ. ನಾವು ವಿಜಯಪುರ ಜಿಲ್ಲೆಯವರು. ಇಂಡಿ ಅಂದರೆ ನಮಗೆ ತಾಲ್ಲೂಕು. ಇಂಡಿ ಫೋಕ್ ಅಂತ ಪೋಸ್ಟರ್ ನೋಡಿ, ನಮ್ಮೂರ ಕಡೆ ಡೊಳ್ಳಿನ ಪದದವರು ಬೆಂಗಳೂರಿಗೆ ಬಂದರು ಅಂತ ಖುಷಿಯಾಗಿ ಹೋಗಿದ್ದೆ ಒಂದು ಸಲ. ನೋಡಿದರೆ ಯೂಕಲೇಲೆ ಅನ್ನುವ ಪುಟ್ಟ ಗಿಟಾರು ಹಿಡಿದುಕೊಂಡ ಹುಡುಗಿ.

ಮೂರನೇ_ಸಾಲು

😀 ಅಕ್ಕನ ಮಗಳು ನನಗೂ ಪಾಠ ಮಾಡಿದಳು. ಇಂಡಿಪೆಂಡೆಂಟ್ ಅನ್ನುವುದರ ಮೊಟಕು. ಸಿನಿಮಾದ ಹಂಗಿಲ್ಲದೆ, ದೊಡ್ಡ ಆಡಿಯೋ ಕಂಪನಿ ಇಲ್ಲದೆ, ತಾವೇ ಹಾಡು ಕಟ್ಟಿ ತಾವೇ ರೆಕಾರ್ಡ್ ಮಾಡಿ ತಾವೇ ಟಿಕೆಟ್ ಮಾರುವವರು. ಯೂಕಲೇಲೆ ಹುಡುಗಿ ಹೇಗೆ ಹಾಡಿದಳು?

ನಿಂಬೆಹಣ್ಣು

ಚೆನ್ನಾಗೇ ಹಾಡಿದಳು. ಅದೇ ಬೇಜಾರು, ಬೈಯಲು ಏನೂ ಸಿಗಲಿಲ್ಲ.

ಫೇಡರ್_ಬೆರಳು

ನಾನು ಸೌಂಡ್ ಕೆಲಸ ಮಾಡುವವನು. ಇಂಥ ಹಾಲ್‌ಗಳಲ್ಲಿ ತಿಂಗಳಿಗೆ ನಾಲ್ಕೈದು ಷೋ ಇರುತ್ತವೆ. ಕೇಳುವವರಿಗೆ ಗೊತ್ತಾಗದ ಒಂದೆರಡು ವಿಷಯ ಹೇಳುತ್ತೇನೆ.

ಚಿಕ್ಕ ಜಾಗದಲ್ಲಿ ಸೌಂಡ್ ಮಾಡುವುದು ದೊಡ್ಡ ಮೈದಾನಕ್ಕಿಂತ ಕಷ್ಟ. ಮೊದಲನೇ ತಲೆನೋವು ಕರೆಂಟ್. ಹಳೇ ಮನೆಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ. ಗಿಟಾರ್ ಕೇಬಲ್ ಹಾಕಿದ ಕೂಡಲೇ ಗುಂಯ್ ಅಂತ ಶುರು. ನಮ್ಮ ಕರೆಂಟ್ 50 ಹರ್ಟ್ಸ್, ಆ ಗುಂಯ್ ಅದೇ. ಅರ್ಧ ಗಂಟೆ ಪ್ಲಗ್ ಬದಲಾಯಿಸಿ ಬದಲಾಯಿಸಿಯೇ ಹೋಗುತ್ತದೆ. ಎರಡನೆಯದು ನೆಲ. ಟೈಲ್ಸ್ ಇದ್ದರೆ ಶಬ್ದ ಚೆಂಡಿನ ಹಾಗೆ ಪುಟಿಯುತ್ತದೆ. ಸಾಯಂಕಾಲ ಐದಕ್ಕೆ ಖಾಲಿ ಹಾಲ್‌ನಲ್ಲಿ ಚೆಕ್ ಮಾಡಿದ್ದು ಏಳಕ್ಕೆ ಜನ ಬಂದ ಮೇಲೆ ಪೂರ್ತಿ ಬೇರೆ. ಮನುಷ್ಯರ ಮೈ, ಬಟ್ಟೆ, ಬ್ಯಾಗು ಎಲ್ಲ ಶಬ್ದ ಹೀರುತ್ತವೆ. ಚಳಿಗಾಲದಲ್ಲಿ ಸ್ವೆಟರ್ ಹಾಕಿಕೊಂಡು ಬಂದರೆ ಇನ್ನೂ ಒಳ್ಳೇದು, ತಮಾಷೆಯಲ್ಲ.

ಮೂರನೆಯದು ತಮಟೆ. ಮಿಕ್ಕ ಎಲ್ಲ ವಾದ್ಯವನ್ನೂ ನಾನು ಕಮ್ಮಿ ಮಾಡಬಹುದು. ತಮಟೆಗೆ ಮೈಕೇ ಇಲ್ಲ, ಅದನ್ನು ಕಮ್ಮಿ ಮಾಡುವ ಗುಂಡಿ ಎಲ್ಲಿಂದ ತರಲಿ? ಹಾಗಾಗಿ ತಮಟೆಯ ಮಟ್ಟಕ್ಕೆ ಹಾಡನ್ನು ಏರಿಸಬೇಕು, ಹಾಡಿನ ಮಟ್ಟಕ್ಕೆ ಗಿಟಾರ್, ಅದರ ಮಟ್ಟಕ್ಕೆ ಬೇಸ್. ಕೊನೆಗೆ ಸ್ಪೀಕರಿನ ಸದ್ದು ಮತ್ತೆ ಮೈಕ್‌ಗೇ ಹೊಕ್ಕು ಕುಂಯ್ ಅಂತ ಫೀಡ್‌ಬ್ಯಾಕ್. ತಮಟೆಯವರನ್ನು ಹಿಂದೆ ಪರದೆಯ ಹತ್ತಿರ ನಿಲ್ಲಿಸಿ, ಬಿರುಸಿನ ಪೆಟ್ಟನ್ನು ಕೊನೇ ಹಾಡಿಗೆ ಇಟ್ಟುಕೊಳ್ಳಿ ಅಂತ ಕೈಮುಗಿದು ಕೇಳುವುದೇ ನನ್ನ ತಂತ್ರ.

ತಂಬೂರಿಯ ಅಜ್ಜಂದಿರಿಗೆ ಮೈಕ್ ಇಡುವುದು ಇನ್ನೊಂದು ಕಥೆ. ಅವರು ಹಾಡುತ್ತಾ ತಲೆ ಆಡಿಸುತ್ತಾರೆ, ಮೈಕ್‌ನಿಂದ ಒಂದಡಿ ಆಚೆ ಹೋಗಿ ಬರುತ್ತಾರೆ. ಸಿನಿಮಾ ಹಾಡುವವರ ಹಾಗೆ ಮೈಕ್‌ಗೆ ಮುತ್ತು ಕೊಡುತ್ತಾ ನಿಲ್ಲುವುದಿಲ್ಲ. ಹಾಗೆ ನಿಲ್ಲಿ ಅಂತ ಹೇಳಲೂಬಾರದು. ಒಂದು ಒಳ್ಳೆ ಮೈಕ್ ಸ್ವಲ್ಪ ದೂರದಲ್ಲಿಟ್ಟು, ಹಾಲ್‌ನವರನ್ನು ಸುಮ್ಮನಿರಿಸಿದರೆ ಸಾಕು. ಜನ ತಾವಾಗಿ ಸುಮ್ಮನಾದರೆ ನಮ್ಮ ಕೆಲಸ ಅರ್ಧ ಮುಗಿದ ಹಾಗೆ.

ಕೆಳಗಿನ_ಮನೆ

ಎಲ್ಲರೂ ತುಂಬಾ ಭಾವುಕರಾಗಿದ್ದೀರಿ, ನಾನು ಸ್ವಲ್ಪ ನೀರು ಹಾಕುತ್ತೇನೆ. ನಮ್ಮದು ಆ ಕಟ್ಟಡವಲ್ಲ, ಆದರೆ ಇಂಥದ್ದೇ ಇನ್ನೊಂದು ಜಾಗದ ಕೆಳಗೆ ಮೂರು ವರ್ಷ ಬಾಡಿಗೆಗಿದ್ದೆವು. ನಿಮಗೆ ತಿಂಗಳಿಗೆ ಒಂದು ರಾತ್ರಿ, ನಮಗೆ ಹತ್ತು ಹನ್ನೆರಡು.

ನಮಗೆ ಹಾಡು ಕೇಳಿಸುತ್ತಿರಲಿಲ್ಲ. ಅದಾದರೂ ಕೇಳಿಸಿದ್ದರೆ ಪರವಾಗಿರಲಿಲ್ಲ. ಕೇಳಿಸುತ್ತಿದ್ದುದು ದುಂ, ದುಂ, ದುಂ ಮಾತ್ರ. ಅಡುಗೆಮನೆ ಶೆಲ್ಫಿನಲ್ಲಿ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಗಿಣಿಗಿಣಿ ಅನ್ನುತ್ತಿದ್ದವು. ಅತ್ತೆಗೆ ಆಪರೇಷನ್ ಆದ ವಾರ ಮೇಲೆ ಹೋಗಿ "ಇವತ್ತೊಂದು ದಿನ" ಅಂತ ಕೇಳಿದೆ. "ಹತ್ತು ಗಂಟೆ ತನಕ ಕಾನೂನು ಇದೆ ಮೇಡಂ" ಅಂದರು. ಕಾನೂನು ನನಗೂ ಗೊತ್ತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಲೌಡ್‌ಸ್ಪೀಕರ್ ಹಾಕಬಾರದು ಅಂದರೆ, 10ರ ತನಕ ಎಷ್ಟು ಬೇಕಾದರೂ ಹಾಕಬಹುದು ಅಂತ ಅರ್ಥವಲ್ಲ. ಮನೆಗಳಿರುವ ಕಡೆ ಹಗಲು 55 ಡೆಸಿಬಲ್, ರಾತ್ರಿ 45. ಅದೂ 2000ನೇ ಇಸವಿಯ ನಿಯಮದಲ್ಲೇ ಇದೆ. ಮಿಕ್ಸಿ ಇದಕ್ಕಿಂತ ಜಾಸ್ತಿ ಸದ್ದು ಮಾಡುತ್ತದೆ, ಗೊತ್ತಲ್ಲ.

ಫೇಡರ್_ಬೆರಳು

ಮೇಡಂ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಗೋಡೆ ಎತ್ತರದ ಸ್ವರಗಳನ್ನು ತಡೆಯುತ್ತದೆ, ಬೇಸ್ ಅಂದರೆ ತಗ್ಗಿನ ಸ್ವರಗಳನ್ನು ಅಷ್ಟಾಗಿ ತಡೆಯುವುದಿಲ್ಲ. ಅದು ನೆಲ, ಕಂಬ ಹಿಡಿದು ಇಳಿದು ಬರುತ್ತದೆ. ಅದಕ್ಕೇ ನಿಮಗೆ ಹಾಡು ಇಲ್ಲ, ದುಂ ಮಾತ್ರ. ಸ್ಪೀಕರನ್ನು ನೆಲದ ಮೇಲೆ ಇಡದೆ ಸ್ಟ್ಯಾಂಡ್ ಮೇಲೆ ಇಟ್ಟು, ಅಡಿಗೆ ದಪ್ಪ ರಬ್ಬರ್ ಹಾಕಿದರೆ ಸುಮಾರು ಕಮ್ಮಿಯಾಗುತ್ತದೆ. ಬೇಸ್‌ಗೆಂದೇ ಇರುವ ಸ್ಪೀಕರ್, ಸಬ್ ವೂಫರ್, ತರಲೇಬಾರದು. ಎಂಬತ್ತು ಜನರಿಗೆ ಅದು ಬೇಕಾಗಿಯೂ ಇಲ್ಲ. ತರುತ್ತಾರೆ, ಏಕೆಂದರೆ ಬಾಡಿಗೆಗೆ ಸೆಟ್ಟಿನ ಜೊತೆ ಸಿಗುತ್ತದೆ.

ಕೆಳಗಿನ_ಮನೆ

ಇದನ್ನು ಮೂರು ವರ್ಷದಲ್ಲಿ ಒಬ್ಬರಾದರೂ ಹೇಳಿದ್ದರೆ ರಬ್ಬರ್ ನಾನೇ ತಂದುಕೊಡುತ್ತಿದ್ದೆ.

ಎರಡೇ_ಹಾಡು

ಅಕಸ್ಮಾತ್ ಈ ಚರ್ಚೆ ಕಣ್ಣಿಗೆ ಬಿತ್ತು. ಆ ಎರಡನೇ ಬ್ಯಾಂಡಿನಲ್ಲಿ ನಾನೂ ಒಬ್ಬ. ಯಾರು ಅಂತ ಬೇಡ. ಪೇಪರ್ ಉರಿಸಿದ್ದು ನಾನೇ.

ಅಜ್ಜನಿಗೆ ಹದಿನೈದು ನಿಮಿಷ ಅಂತ ಹೇಳಿದ್ದು ನಾವೇ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾವು ಪ್ರಾಕ್ಟೀಸ್ ಮಾಡಿಕೊಂಡಿದ್ದು ಅವರ ಪದದ ಒಂದು ತುಂಡು, ಅದರ ಹಿಂದೆ ನಮ್ಮ ಬೇಸ್ ಗಿಟಾರ್, ಮೇಲೆ ಕೂತು ಬಡಿಯುವ ಮರದ ಪೆಟ್ಟಿಗೆ ಕಹೋನ್. ಆರು ನಿಮಿಷದ 'ಕೊಲಾಬ್'. ಅವರು ಶುರು ಮಾಡಿದ ಮೇಲೆ ನಮ್ಮ ಎಣಿಕೆ ಎಲ್ಲಿಗೂ ಕೂಡಲಿಲ್ಲ. ನಾವು ನಾಲ್ಕು ನಾಲ್ಕು ಮಾತ್ರೆ ಎಣಿಸುತ್ತಾ ಕೂತಿದ್ದರೆ, ಅವರು ಕಥೆಗೆ ಬೇಕಾದ ಕಡೆ ಸಾಲನ್ನು ಎಳೆದು, ಬೇಡದ ಕಡೆ ಮಾತಿನಲ್ಲೇ ದಾಟಿಸಿ, ಮತ್ತೆ ತಂಬೂರಿಗೆ ಬರುತ್ತಿದ್ದರು. ಕಹೋನಿನ ಗೆಳೆಯ ಎರಡು ಸಲ ಸೇರಿಕೊಳ್ಳಲು ಹೋಗಿ ಕೈ ಹಿಂದೆ ತೆಗೆದ. ಮೂರನೇ ಸಲ ನನ್ನ ಮುಖ ನೋಡಿದ. ಬೇಡ ಅಂತ ತಲೆ ಆಡಿಸಿದೆ. ಒಪ್ಪಂದ ಮುರಿದದ್ದು ಅಲ್ಲೇ. ನಿರ್ಧಾರ ಅಂತಲೂ ಹೇಳಲಾರೆ, ಕೈ ಏಳಲಿಲ್ಲ ಅಷ್ಟೆ.

ನೀಲಗಾರರು ಈ ಪದವನ್ನು ರಾತ್ರಿಯಿಡೀ ಹಾಡುವವರು. ಜಾತ್ರೆಯಲ್ಲಿ, ಹರಕೆ ಹೊತ್ತವರ ಮನೆಯಲ್ಲಿ, ಬೆಳಕು ಹರಿಯುವ ತನಕ. ನಮ್ಮ ಮೂವತ್ತೆಂಟು ನಿಮಿಷ ಅವರಿಗೆ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತು.

ದುಡ್ಡಿನ ಮಾತು ಬಂತಲ್ಲ, ಲೆಕ್ಕವನ್ನೇ ಇಡುತ್ತೇನೆ. ಟಿಕೆಟ್ 499 ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಬಾಟಾ ಚಪ್ಪಲಿ ಬೆಲೆ ಅಲ್ಲ. ಸಂಗೀತ ಕಾರ್ಯಕ್ರಮದ ಟಿಕೆಟ್ 500 ರೂಪಾಯಿ ದಾಟಿದರೆ ಜಿಎಸ್‌ಟಿ ಬೀಳುತ್ತದೆ, ಅದೂ 18 ಪರ್ಸೆಂಟ್. ಅವತ್ತು ಕುರ್ಚಿ ಎಂಬತ್ತಿದ್ದರೂ ದುಡ್ಡು ಕೊಟ್ಟು ಬಂದವರು 62. ಒಟ್ಟು 30,938 ರೂಪಾಯಿ. ಹಾಲ್‌ಗೆ ಮೂವತ್ತು ಪರ್ಸೆಂಟ್, ಮಿಕ್ಕ ಎಪ್ಪತ್ತು ಎರಡು ಬ್ಯಾಂಡಿಗೆ. ಮೊದಲ ಬ್ಯಾಂಡಿನವರು ಗೆಳೆಯರು, "ಅಜ್ಜನ ಖರ್ಚು ಕಳೆದು ಮಿಕ್ಕಿದ್ದು ಹಂಚೋಣ" ಅಂದರು. ಅಜ್ಜನಿಗೂ ಅವರ ಜೊತೆ ಬಂದ ತಾಳದವರಿಗೂ ಸೇರಿ 8,000. ಬಸ್ಸು, ಊಟ, ಉಳಿದುಕೊಳ್ಳಲು 2,400. ಸೌಂಡಿನವರಿಗೆ 4,000. ಸಾಮಾನು ಸಾಗಿಸಲು ಟೆಂಪೊ 1,800. ಉಳಿದದ್ದು ಐದು ಸಾವಿರದ ಚಿಲ್ಲರೆ, ಒಂಬತ್ತು ಜನಕ್ಕೆ. ನನ್ನ ಪಾಲಿನಲ್ಲಿ ಗಿಟಾರಿಗೆ ಒಂದು ಸೆಟ್ ತಂತಿಯೂ ಬರಲಿಲ್ಲ.

ಅಳುತ್ತಿಲ್ಲ. ಹಗಲು ಎಲ್ಲರಿಗೂ ಕೆಲಸ ಇದೆ. ಆದರೆ "ದುಡ್ಡು ಕೊಟ್ಟಿದ್ದು ಬ್ಯಾಂಡಿಗೆ" ಅಂದವರು ಸಿಕ್ಕರೆ, ಅವರ ದುಡ್ಡು ಸರಿಯಾದ ಕಡೆಗೇ ಹೋಯಿತು ಅಂತ ಹೇಳಿ.

ಗೋವಿಂದಭಟ್ಟರ_ಓಣಿ

ಧಾರವಾಡದಿಂದ ನಮಸ್ಕಾರ. ಜಗಳ ತೆಗೆಯುವ ಮನಸ್ಸಿಲ್ಲ, ಆದರೆ 'ಫೋಕ್' ಅನ್ನುವ ಮಾತು ಬಂದಾಗಲೆಲ್ಲ ನನಗೆ ತುರಿಕೆ ಶುರುವಾಗುತ್ತದೆ ನೋಡ್ರಿ.

ಬೆಂಗಳೂರಿನ ಬ್ಯಾಂಡುಗಳು ಹೆಚ್ಚು ಹಾಡುವುದು ನಮ್ಮ ಶರೀಫಜ್ಜನನ್ನು. ಪೋಸ್ಟರಿನಲ್ಲಿ ಮಾತ್ರ 'ಕರ್ನಾಟಕ ಫೋಕ್' ಅಂತ. ಜನಪದ ಅಂದರೆ ಇಂಥವರೇ ಬರೆದರು ಅಂತ ಹೆಸರು ಇಲ್ಲದ್ದು. ಶರೀಫರಿಗೆ ಹೆಸರಿದೆ, ಊರಿದೆ, ಗುರು ಇದ್ದಾನೆ, ಪದದ ಕೊನೆಗೆ ಅಂಕಿತ ಇದೆ. 1819ರಲ್ಲಿ ಹುಟ್ಟಿ 1889ರಲ್ಲಿ ಹೋದವರು. ಶಿಶುನಾಳ ಈಗ ಹಾವೇರಿ ಜಿಲ್ಲೆ, ಶಿಗ್ಗಾಂವಿ ತಾಲ್ಲೂಕು. ಬರೆದವರ ಹೆಸರು ಗೊತ್ತಿದ್ದೂ ಹಾಕದಿದ್ದರೆ ಅದು ಫೋಕ್ ಅಲ್ರೀ, ಸೋಮಾರಿತನ.

ಇನ್ನೊಂದು ಮಾತು. ಬ್ಯಾಂಡಿನವರು ಧಾಟಿ ಕೆಡಿಸಿದರು ಅಂತ ಬೈಯುವ ಹಿರಿಯರೂ ನನಗೆ ಗೊತ್ತು. ರಘು ದೀಕ್ಷಿತ್ ತಮ್ಮ 2008ರ ಮೊದಲ ಆಲ್ಬಮ್ಮಿನಲ್ಲಿ ಗುಡುಗುಡಿಯ ಪದ ಹಾಡಿದಾಗ ನಮ್ಮ ಚಿಕ್ಕಪ್ಪ "ಇದು ಶರೀಫರ ಧಾಟಿಯೇ ಅಲ್ಲ" ಅಂತ ಸಿಟ್ಟಾಗಿದ್ದರು. ಅವರ ತಲೆಯಲ್ಲಿದ್ದ 'ಮೂಲ' ಯಾವುದು? ಸಿ. ಅಶ್ವತ್ಥರ ಕ್ಯಾಸೆಟ್! ಅದೂ ಅಶ್ವತ್ಥರು ಕಟ್ಟಿದ ಧಾಟಿ. ನಮ್ಮ ಕಡೆ ಭಜನಾ ಮಂಡಳಿಯವರು ಅದೇ ಪದವನ್ನು ಹಾರ್ಮೋನಿಯಂ, ದಮ್ಮಡಿ ಇಟ್ಟುಕೊಂಡು ಹಾಡುವುದು ಮೂರನೇ ತರಹ. ಊರಿಂದ ಊರಿಗೆ ಅದೂ ಬೇರೆ. ಹಾಗಾಗಿ ಧಾಟಿಯ ಬಗ್ಗೆ ನನ್ನ ತಕರಾರಿಲ್ಲ. ಹೆಸರಿನ ಬಗ್ಗೆ ಇದೆ.

ಮತ್ತೆ ಅಜ್ಜನ ಹೆಸರು ಪೋಸ್ಟರಿನಲ್ಲಿ ಇತ್ತಾ?

ಎರಡೇ_ಹಾಡು

ಇತ್ತು. ಕೆಳಗೆ, ಚಿಕ್ಕ ಅಕ್ಷರದಲ್ಲಿ. ನಮ್ಮ ಬ್ಯಾಂಡಿನ ಹೆಸರಿನ ಕಾಲು ಭಾಗದಷ್ಟು. ನೀವು ಕೇಳುವ ತನಕ ನನಗೆ ಅದು ಹೊಳೆದೇ ಇರಲಿಲ್ಲ.

ಗೋವಿಂದಭಟ್ಟರ_ಓಣಿ

ಒಪ್ಪಿಕೊಂಡಿರಲ್ಲ, ಅಷ್ಟು ಸಾಕು. ಧಾರವಾಡಕ್ಕೆ ಬಂದಾಗ ಫೇಡಾ ನನ್ನ ಲೆಕ್ಕ.

ನಿಂಬೆಹಣ್ಣು

ವಾಚ್‌ಮನ್ ಹೆಸರಂತೂ ಚಿಕ್ಕ ಅಕ್ಷರದಲ್ಲೂ ಇರಲ್ಲ.

ತಗಡಿನ_ಶೀಟು

ನಿಂಬೆಹಣ್ಣು ತಮಾಷೆಗೆ ಹೇಳಿದರೂ ಅಲ್ಲೇ ನನಗೂ ಚುಚ್ಚಿತು. ನಮ್ಮದು ಚಿಕ್ಕಬಳ್ಳಾಪುರದ ಕಡೆ. ನಮ್ಮ ತಾತ ತಮಟೆ ಬಡಿಯುತ್ತಿದ್ದರು. ಊರಲ್ಲಿ ಯಾರಾದರೂ ಸತ್ತರೆ ಮೊದಲು ಕರೆ ಬರುತ್ತಿದ್ದುದು ಅವರಿಗೆ, ಜಾತ್ರೆಗೆ ದೇವರ ಮುಂದೆ ಬಡಿಯಲೂ ಅವರೇ. ಆದರೆ ತಮಟೆ ಸಮೇತ ಯಾರೂ ಹೊಸಿಲು ದಾಟಿಸಿಕೊಳ್ಳುತ್ತಿರಲಿಲ್ಲ. ಅಪ್ಪ ಓದಿ ಸರ್ಕಾರಿ ಕೆಲಸಕ್ಕೆ ಸೇರಿದ ಮೇಲೆ ಮನೆಯಲ್ಲಿ ತಮಟೆ ಮುಟ್ಟುವುದೇ ಬೇಡ ಅಂದುಬಿಟ್ಟರು. ನನಗೆ ಕಾಯಿಸಲೂ ಬರುವುದಿಲ್ಲ.

2023ರಲ್ಲಿ ನಮ್ಮ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ತಮಟೆಗೆ ಅಂತಲೇ ಪದ್ಮಶ್ರೀ ಬಂತು. ಅವತ್ತು ಅಪ್ಪ ಟಿವಿ ಮುಂದೆ ಏನೂ ಮಾತಾಡಲಿಲ್ಲ. ಎದ್ದು ಅಟ್ಟದ ಮೇಲೆ ಏನೋ ಹುಡುಕಿದರು. ಸಿಗಲಿಲ್ಲ.

ಈಗ ಬಸವನಗುಡಿಯ ಮಹಡಿ ಮೇಲೆ, ಎಂಬತ್ತು ಕುರ್ಚಿಯ ಮುಂದೆ ತಮಟೆ ಇದೆ ಅಂತ ಓದಿ ಖುಷಿಯೇ ಆಯಿತು. ಬಾರಿಸುತ್ತಿರುವವರು ಮಾತ್ರ ವರ್ಕ್‌ಶಾಪಿನಲ್ಲಿ ಕಲಿತವರು, ಅದರ ಕೆಲಸ ಬಲ್ಲವರು ಗೇಟಿನಲ್ಲಿ. ಇದು ಬ್ಯಾಂಡಿನ ಹುಡುಗರ ತಪ್ಪು ಅನ್ನುತ್ತಿಲ್ಲ.

ಎರಡೇ_ಹಾಡು

ನಮ್ಮ ತಮಟೆಯವನು ಕಲಿತದ್ದು ಹೆಗ್ಗೋಡಿನಲ್ಲಿ, ನಾಟಕದ ತರಬೇತಿಗೆ ಹೋದಾಗ. ನೀವು ಹೇಳಿದ್ದನ್ನು ಅವನಿಗೆ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಚಿತ್ರಾನ್ನ_ಬಾಸ್ಟನ್

ಇಲ್ಲಿ ನಮ್ಮ ಕನ್ನಡ ಕೂಟದ ಕಾರ್ಯಕ್ರಮ ಅಂದರೆ ಸ್ಕೂಲ್ ಆಡಿಟೋರಿಯಂ ಬಾಡಿಗೆ, ಮಧ್ಯಾಹ್ನ ಎರಡಕ್ಕೆ ಶುರು, ಪ್ರಾಯೋಜಕರಿಗೆ ಸ್ಮರಣಿಕೆ ಕೊಟ್ಟು ಮುಗಿಸುವಷ್ಟರಲ್ಲಿ ನಾಲ್ಕೂವರೆ. ಹಾಡುವವರು ಬರುವ ಹೊತ್ತಿಗೆ ಮಕ್ಕಳೆಲ್ಲ ಹೊರಗೆ ಓಡಾಡುತ್ತಿರುತ್ತವೆ.

ನನಗೆ ಚಿಕ್ಕ ಜಾಗದ ರುಚಿ ಹತ್ತಿದ್ದು ಕೇಂಬ್ರಿಜ್‌ನ ಕ್ಲಬ್ ಪಾಸಿಮ್‌ನಲ್ಲಿ. ಹಾರ್ವರ್ಡ್ ಸ್ಕ್ವೇರ್‌ನಲ್ಲಿ ಮೆಟ್ಟಿಲಿಳಿದು ಹೋಗುವ ಒಂದು ನೆಲಮಾಳಿಗೆ. 1958ರಲ್ಲಿ ಕ್ಲಬ್ 47 ಅಂತ ಶುರುವಾದದ್ದು, ಮೊದಲು ಜ್ಯಾಝ್ ಜಾಗ. ಅಮೆರಿಕದ ಜನಪದ ಗಾಯಕಿ ಜೋನ್ ಬಯೇಜ್ ಹೆಸರು ಮಾಡುವ ಮುಂಚೆ ಹಾಡುತ್ತಿದ್ದುದು ಅಲ್ಲೇ. ಮೌಂಟ್ ಆಬರ್ನ್ ಬೀದಿಯ 47ನೇ ನಂಬರಿನಿಂದ ಪಾಮರ್ ಬೀದಿಗೆ ಹೋದಾಗಲೂ ಮನೆ ನಂಬರು 47 ಆಗಿಯೇ ಉಳಿಯಿತು! ನಡುವೆ ಮುಚ್ಚಿ, ಪಾಸಿಮ್ ಅಂತ ಮತ್ತೆ ತೆರೆದು, ಈಗ ಲಾಭಕ್ಕಲ್ಲದ ಸಂಸ್ಥೆಯಾಗಿ ನಡೆಯುತ್ತಿದೆ. ಟಿಕೆಟ್ಟಿನಿಂದಲೇ ನಡೆಯುವುದಿಲ್ಲ. ದೇಣಿಗೆ ಬೇಕು, ಸದಸ್ಯರು ಬೇಕು, ಸಂಗೀತ ಪಾಠದ ಫೀಸು ಬೇಕು. ಇಷ್ಟು ಹೆಸರಿರುವ ಜಾಗದ ಕಥೆಯೇ ಇದು. ಮೇಲಿನ ಐದು ಸಾವಿರದ ಲೆಕ್ಕ ಓದಿ ನನಗೇನೂ ಆಶ್ಚರ್ಯವಾಗಲಿಲ್ಲ.

ಅಲ್ಲಿ ಒಂದು ಸಲ ಬ್ಯಾಂಜೊ ಹುಡುಗಿಯೊಬ್ಬಳು ಹಾಡಿನ ನಡುವೆ ಸಾಲು ಮರೆತಳು. ಮುಂದಿನ ಮೇಜಿನ ಅಜ್ಜಿಯೊಬ್ಬರು ಮೆತ್ತಗೆ ಎತ್ತಿಕೊಟ್ಟರು. ಹುಡುಗಿ "ಥ್ಯಾಂಕ್ಸ್" ಅಂತ ಅದೇ ರಾಗದಲ್ಲಿ ಸೇರಿಸಿ ಮುಂದುವರಿಸಿದಳು. ಅವತ್ತೇ ಮನೆಗೆ ಬಂದು ಹೆಂಡತಿಗೆ ಹೇಳಿದೆ, ನಮ್ಮ ಬೇಸ್‌ಮೆಂಟಿನಲ್ಲೂ ಮಾಡೋಣ ಅಂತ. ಮಾಡಿದೆವು. ಬೆಂಗಳೂರಿನಿಂದ ಪ್ರವಾಸ ಬಂದಿದ್ದ ಒಬ್ಬ ಗಾಯಕಿ, ಒಂದು ಗಿಟಾರು, ಇಪ್ಪತ್ತೆಂಟು ಜನ, ದೊಡ್ಡ ಪಾತ್ರೆ ಚಿತ್ರಾನ್ನ. ಸ್ಮರಣಿಕೆ ಕೊಡಲಿಲ್ಲ. ಒಬ್ಬರು ಹಿರಿಯರು ಅದಕ್ಕೆ ಬೇಜಾರೂ ಮಾಡಿಕೊಂಡರು.

ಹಳೇ_ಟಿಕೆಟ್ಟು

ಇಂದಿರಾನಗರ ಕಡೆಯ ಹಳೇ ಕೇಳುಗ ನಾನು. ಅಲ್ಲಿ ಲೈವ್ ಹಾಡಿಗೆ ಅಂತ ಇದ್ದ ದಿ ಹಮ್ಮಿಂಗ್ ಟ್ರೀ 2013ರಲ್ಲಿ ಶುರುವಾಗಿ 2019ರಲ್ಲಿ ಬಾಗಿಲು ಹಾಕಿತು. ಆ ಆರು ವರ್ಷ ನನ್ನ ಸಂಬಳದ ಒಂದು ಪಾಲು ಅಲ್ಲಿಗೇ. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ ಅಂತ ಒಂದು ವಿಷಯ ಹೇಳುತ್ತೇನೆ. 2005ರಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಪೊಲೀಸ್ ಲೈಸೆನ್ಸ್ ಬೇಕು ಅಂತ ಆದೇಶ ಬಂತು. ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವರ್ಷವೇ ಪೊಲೀಸರು ಜಾರಿಗೆ ಇಳಿದರು. ಲೈಸೆನ್ಸ್ ಇಲ್ಲದ ಬಾರು, ರೆಸ್ಟೋರೆಂಟುಗಳಲ್ಲಿ ಲೈವ್ ಹಾಡು ನಿಂತುಹೋಯಿತು. ಗಿಟಾರ್ ಹಿಡಿದು ಒಬ್ಬನೇ ಹಾಡುವವನಿಗೂ, ರಾತ್ರಿಯಿಡೀ ಡಿಜೆ ಹಾಕುವವನಿಗೂ ಒಂದೇ ತಕ್ಕಡಿ.

ಆಗ ಜನ ಮನೆಗಳಿಗೆ, ಟೆರೇಸಿಗೆ, ಪುಸ್ತಕದ ಅಂಗಡಿಗೆ, ನಾಟಕದ ಹಾಲ್‌ಗೆ ಹೋಗಿ ಕೇಳುವುದು ಜಾಸ್ತಿಯಾಯಿತು ಅಂತ ನನ್ನ ಅನುಭವ. ಚಿಕ್ಕ ಜಾಗಗಳಲ್ಲಿ ಹಾಡು ಏರ್ಪಡಿಸುವ ಸೋಫಾರ್ ಅಂತ ಒಂದಿದೆ, 2009ರಲ್ಲಿ ಲಂಡನ್ನಿನಲ್ಲಿ ಶುರುವಾದದ್ದು, ಬೆಂಗಳೂರಿಗೂ ಬಂತು. ವಿಳಾಸ ಒಂದೆರಡು ದಿನ ಮುಂಚೆಯಷ್ಟೇ ತಿಳಿಸುತ್ತಾರೆ, ಯಾರು ಹಾಡುತ್ತಾರೆ ಅಂತ ಹೋದ ಮೇಲೇ ಗೊತ್ತಾಗುವುದು, ನೆಲದ ಮೇಲೆ ಕೂತು ಮಾತಾಡದೆ ಕೇಳಬೇಕು. ಒಂದು ಲೆಕ್ಕಕ್ಕೆ ಒಳ್ಳೇದೇ ಆಯಿತು. ಬಾರಿನಲ್ಲಿ ಸ್ವರಾತ್ಮ ಬ್ಯಾಂಡಿನವರು ಹಾಡುವಾಗ ಪಕ್ಕದ ಟೇಬಲಿನವರು ಆಫೀಸ್ ಅಪ್ರೈಸಲ್ ಬಗ್ಗೆ ಕಿರುಚಿಕೊಂಡು ಮಾತಾಡುತ್ತಿದ್ದುದನ್ನು ನಾನು ಇನ್ನೂ ಮರೆತಿಲ್ಲ. ಕುದುರೆ ವೇಷ ಕಟ್ಟಿಕೊಂಡು ಆ ಬ್ಯಾಂಡಿನ ಗಾಯಕ ವಾಸು ದೀಕ್ಷಿತ್ ಮುಂದೆಯೇ ಬಂದರೂ ಆ ಪುಣ್ಯಾತ್ಮರು ತಲೆ ಎತ್ತಲಿಲ್ಲ.

ರಂಗಶಂಕರ ನಾಟಕಮಂದಿರ ನೋಡಿ. 2004ರಿಂದ ಒಂದೇ ನಿಯಮ: ಶುರುವಾದ ಮೇಲೆ ಯಾರಿಗೂ ಬಾಗಿಲು ತೆಗೆಯುವುದಿಲ್ಲ. ಜನ ಬೈದುಕೊಂಡೇ ಕಲಿತರು. ತಡವಾದವರು ಹೊರಗೆ ಸಾಬೂದಾನ ವಡೆ ತಿಂದುಕೊಂಡು ವಾಪಸ್. ಹಾಡಿನ ಜಾಗಗಳಿಗೂ ಇದೇ ಬರಬೇಕು. ಹಾಡಿನ ನಡುವೆ ಫೋನ್ ಬೆಳಕು ಹಾಕಿಕೊಂಡು ಸೀಟ್ ಹುಡುಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕೆಳಗಿನ_ಮನೆ

ಮನೆಗಳಿಗೆ ಬಂದದ್ದು ಹೇಗೆ ಅಂತ ಈಗ ಗೊತ್ತಾಯಿತು. ಬಾರಿನಿಂದ ಓಡಿಸಿದ್ದು ನಮ್ಮ ತಲೆ ಮೇಲೆ ಬಂತು!

ಮೂರನೇ_ಸಾಲು

ಐದು ವಾರ ಆದ ಮೇಲೆ ಮತ್ತೆ ಬರೆಯುತ್ತಿದ್ದೇನೆ. ನಿನ್ನೆ ಅದೇ ಹಾಲ್‌ಗೆ ಹೋಗಿದ್ದೆ, ಈ ಸಲ ಅಕ್ಕನ ಮಗಳನ್ನು ನಾನೇ ಕರೆದುಕೊಂಡು.

ಎರಡೇ_ಹಾಡು ಅವರ ಬ್ಯಾಂಡೇ. ಪೋಸ್ಟರ್ ಬಾಗಿಲಲ್ಲೇ ಅಂಟಿಸಿದ್ದರು. ಅಜ್ಜನ ಹೆಸರು ಮೇಲೆ, ಬ್ಯಾಂಡಿನ ಹೆಸರು ಕೆಳಗೆ, ಅಕ್ಷರ ಒಂದೇ ಅಳತೆ. ಸಮಯದ ಕಡೆ 'ಏಳರಿಂದ ಹತ್ತರ ತನಕ, ಅಜ್ಜ ಎಷ್ಟು ಹಾಡಿದರೆ ಅಷ್ಟು' ಅಂತ ಬರೆದಿದ್ದರು. ಬಂದವರು 51. ಕಳೆದ ಸಲಕ್ಕಿಂತ ಕಮ್ಮಿ. ಬ್ಯಾಂಡಿಗೆ ಅಂತಲೇ ಬರುವವರು ಬಂದಿರಲಿಲ್ಲ ಅನ್ನಿಸುತ್ತದೆ. ಅಜ್ಜ ಒಂದು ಗಂಟೆ ಇಪ್ಪತ್ತು ನಿಮಿಷ ಹಾಡಿದರು. ನಡುವೆ ನನಗೆ ಎರಡು ಸಲ ತೂಕಡಿಕೆ ಬಂತು, ಸುಳ್ಳು ಹೇಳುವುದಿಲ್ಲ. ಮೊದಲ ಸಲದ ಹಾಗೆ ಆಗಲಿಲ್ಲ. ಗಂಟಲು ಸ್ವಲ್ಪ ಕಟ್ಟಿತ್ತು ಅವರದ್ದು. ಆದರೆ ಒಂದು ಕಡೆ ಕಹೋನಿನ ಹುಡುಗ ಸೇರಿಕೊಂಡ, ಈ ಸಲ ಕೈ ಹಿಂದೆ ತೆಗೆಯಲಿಲ್ಲ. ಅಜ್ಜ ಅವನ ಕಡೆ ತಿರುಗಿ ತಾಳ ತೋರಿಸುತ್ತಾ ಹಾಡಿದರು. ಹತ್ತು ನಿಮಿಷ ಅವರಿಬ್ಬರೇ ಮಾತಾಡಿಕೊಳ್ಳುತ್ತಿರುವ ಹಾಗಿತ್ತು.

ತಮಟೆ ಇರಲಿಲ್ಲ. ಸ್ಪೀಕರ್ ಅಡಿಗೆ ದಪ್ಪ ರಬ್ಬರ್ ಇತ್ತು. ಗೇಟಿನಲ್ಲಿ ಆ ವಾಚ್‌ಮನ್ ಕಾಣಲಿಲ್ಲ. ಕೇಳಿದೆ. ಏಜೆನ್ಸಿಯವರು ಬೇರೆ ಕಡೆ ಹಾಕಿದ್ದಾರಂತೆ, ವೈಟ್‌ಫೀಲ್ಡ್ ಹತ್ತಿರ ಯಾವುದೋ ಅಪಾರ್ಟ್‌ಮೆಂಟಿಗೆ.

ತಗಡಿನ_ಶೀಟು

ತಮಟೆ ಯಾಕಿರಲಿಲ್ಲ?

ಎರಡೇ_ಹಾಡು

ನೀವು ಬರೆದದ್ದು ಓದಿ ನಮ್ಮವನು ಸದ್ಯಕ್ಕೆ ಬೇಡ ಅಂದ. ಒತ್ತಾಯ ಮಾಡಲಿಲ್ಲ. ಆ ವಾಚ್‌ಮನ್ ಅಣ್ಣನ ನಂಬರ್ ಟೈಲರ್ ಹತ್ತಿರ ಇತ್ತು, ಇಸಕೊಂಡು ಫೋನ್ ಮಾಡಿದ್ದೇವೆ. ಭಾನುವಾರ ರಜೆ ಸಿಕ್ಕರೆ ಬರುತ್ತೇನೆ ಅಂದಿದ್ದಾರೆ. ಎಷ್ಟು ಕೊಡುತ್ತೀರಿ ಅಂತಲೂ ಕೇಳಿದರು. ಸರಿಯಾಗಿಯೇ ಕೇಳಿದರು.

ತಗಡಿನ_ಶೀಟು

ಯಾವ ಭಾನುವಾರ ಅಂತ ಹೇಳಿ. ಅಪ್ಪನನ್ನು ಕರೆದುಕೊಂಡು ಬರಲು ನೋಡುತ್ತೇನೆ. ಅವರಿಗೆ ಮಂಡಿ ನೋವು, ಮೆಟ್ಟಿಲು ಎಷ್ಟಿವೆ?

ಮೂರನೇ_ಸಾಲು

ಮೂವತ್ತೆರಡು. ನಡುವೆ ಒಂದು ಕಡೆ ನಿಲ್ಲಲು ಜಾಗ ಇದೆ.

ನಿಂಬೆಹಣ್ಣು

ಪಾರ್ಕಿಂಗ್?

ಮೂರನೇ_ಸಾಲು

ಇಲ್ಲ. ನ್ಯಾಷನಲ್ ಕಾಲೇಜು ಮೆಟ್ರೋದಲ್ಲಿ ಇಳಿದು ನಡೆದು ಬನ್ನಿ.